ಕೆಂಪು ಗೆರೆಯವರೆಗೆ ನೀರು

ನನ್ನ ಡ್ರೆಸಿಂಗ್ ಟೇಬಲ್ಲಿನ ಮೂಲೆಯಲ್ಲಿ ಒಂದು ಕೆಂಪು ನೇಲ್ ಪಾಲಿಶ್ ಶೀಶೆಯಿದೆ. ಯಾರದೋ ಮದುವೆಯಲ್ಲಿ ಅರಿಸಿನ ಕುಂಕುಮದ ಜೊತೆ ಕೊಟ್ಟದ್ದು. ಒಂಬತ್ತನೆಯ ತರಗತಿಗೆ ಭೌತಶಾಸ್ತ್ರ ಕಲಿಸುವ ನನ್ನ ಸೀಮೆಸುಣ್ಣದ ಕೈಗೆ ಅದು ಒಪ್ಪುವುದಿಲ್ಲವೆಂದು ಒಮ್ಮೆಯೂ ಹಚ್ಚಿಕೊಂಡಿಲ್ಲ. ಆದರೂ ಶೀಶೆ ಅರ್ಧ ಖಾಲಿಯಾಗಿದೆ. ಮನೆಗೆ ಬಂದ ಗೆಳತಿಯರು ಅದನ್ನು ನೋಡಿ, ಆಮೇಲೆ ನನ್ನ ಕೈ ನೋಡಿ, ಆಮೇಲೆ ಕಾಲೂ ನೋಡುತ್ತಾರೆ. ಅದು ಕಾರಿಗೆ ಹಚ್ಚಿದ್ದು ಎಂದರೆ ನಗುತ್ತಾರೆ. ನಗಲಿ. ನಮ್ಮ ಹಳೆಯ ಕಾರು ಇವತ್ತಿಗೂ ಅಂಗಳದಲ್ಲಿ ನಿಂತಿದ್ದರೆ ಅದಕ್ಕೆ ಕಾರಣ ಆ ನೇಲ್ ಪಾಲಿಶ್ ಮತ್ತು, ಸಂಕೋಚವಿಲ್ಲದೆ ಹೇಳುತ್ತೇನೆ, ನಾನು.

ಕಾರಿನ ವಿಷಯ ಮೊದಲು ಹೇಳಿಬಿಡುತ್ತೇನೆ. ಬೂದು ಬಣ್ಣ. ನಾಗಪುರದ ಬಜಾಜ್ ನಗರದ ನಮ್ಮ ಓಣಿಯಲ್ಲಿ ನಿಲ್ಲುವ ಕಾರುಗಳಲ್ಲೆಲ್ಲ ಇದೇ ಹಿರಿಯದು. ಎಡಗಡೆಯ ಕನ್ನಡಿ ಸ್ವಲ್ಪ ಸಡಿಲ, ಹಿಂದಿನ ಬಾಗಿಲು ಹೊರಗಿನಿಂದ ಮಾತ್ರ ತೆರೆಯುತ್ತದೆ, ರೇಡಿಯೋ ತನಗೆ ಮನಸ್ಸು ಬಂದಾಗ ಹಾಡುತ್ತದೆ. ಇಷ್ಟಿದ್ದೂ ಅದಕ್ಕೊಂದು ಗುಣವಿದೆ. ಅದರ ಮುಂದಿನ ಸೀಟು ನನ್ನ ಅಪ್ಪನ ಸೊಂಟಕ್ಕೆ ಅಳತೆ ಕೊಟ್ಟು ಹೊಲಿಸಿದ ಹಾಗಿದೆ.

ಅಪ್ಪ ವಾಯುಪಡೆಯಲ್ಲಿ ಇಂಜಿನ್ ಫಿಟ್ಟರ್ ಆಗಿದ್ದವರು. ಧಾರವಾಡದ ಕಡೆಯವರು, ನಾಗಪುರಕ್ಕೆ ವರ್ಗವಾಗಿ ಬಂದವರು ಇಲ್ಲಿಯೇ ನಿಂತರು. ಅಮ್ಮ ಹೋದ ಮೇಲೆ ನಮ್ಮ ಜೊತೆಗಿದ್ದಾರೆ. ಜೀವನವಿಡೀ ಇಂಜಿನ್ನುಗಳ ಪಕ್ಕದಲ್ಲಿ ನಿಂತು ಕಿವಿ ಮಂದವಾಗಿದೆ. ಕಿವಿಗೆ ಹಾಕುವ ಯಂತ್ರವನ್ನು ಡ್ರಾವರಿನಲ್ಲಿ ಬೆಚ್ಚಗಿಟ್ಟಿದ್ದಾರೆ. ಸೊಂಟದ ಆಪರೇಷನ್ ಆದ ಮೇಲೆ ಆಟೋ ಹತ್ತಲು ಆಗುವುದಿಲ್ಲ, ಮೆಟ್ರೋ ನಿಲ್ದಾಣದಲ್ಲಿ ಅಷ್ಟು ದೂರ ನಡೆಯಲು ಆಗುವುದಿಲ್ಲ. ಹೊಸ ಕಾರುಗಳಲ್ಲಿ ಕೆಲವು ತೀರ ಕೆಳಗೆ, ಕೆಲವು ತೀರ ಮೇಲೆ. ಇನ್ನೊಬ್ಬರ ಕೈ ಹಿಡಿದು ಹತ್ತಬೇಕು. ಇನ್ನೊಬ್ಬರ ಕೈ ಹಿಡಿದು ಹತ್ತುವುದಾದರೆ ಹೋಗುವುದೇ ಬೇಡ ಎನ್ನುವ ಜಾತಿ ನಮ್ಮಪ್ಪನದು. ಈ ಕಾರಿನಲ್ಲಿ ಮಾತ್ರ ಬಾಗಿಲು ತಾವೇ ತೆಗೆದು, ಬೆನ್ನು ತಿರುಗಿಸಿ ಕೂತು, ಕಾಲನ್ನು ಒಂದೊಂದಾಗಿ ಒಳಗೆಳೆದುಕೊಳ್ಳುತ್ತಾರೆ. ಹಾಗೆ ಕೂತು ಐತವಾರಕ್ಕೊಮ್ಮೆ ನನ್ನ ಜೊತೆ ಸೀತಾಬರ್ಡಿ ಪೇಟೆಗೆ ಹೋಗುತ್ತಾರೆ. ಅಲ್ಲಿ ಖಾರದ ರಸ ಸುರಿದ ಅವಲಕ್ಕಿ, ಇಲ್ಲಿಯವರ ತರ್ರಿ ಪೋಹೆ, ತಿಂದು, ಸ್ಕ್ರೂ ಡ್ರೈವರು, ಪಾನಾ, ಇಕ್ಕಳ ಮಾರುವ ಅಂಗಡಿಯ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತು, ಏನನ್ನೂ ಕೊಳ್ಳದೆ ಎಲ್ಲವನ್ನೂ ಮುಟ್ಟಿ ನೋಡಿ ಬರುತ್ತಾರೆ. ಅವರಿಗೆ ಊರು ಅಂದರೆ ಅಷ್ಟೇ. ಆ ಕಾರು ಹೋದರೆ ಅಷ್ಟೂ ಹೋದ ಹಾಗೆ.

ಇಂಥ ಕಾರಿಗೆ ಕಳೆದ ಚಳಿಗಾಲದಲ್ಲಿ ಗರ ಬಡಿಯಿತು. ಆಯಿಲ್ ಬದಲಿಸಲು ಒಯ್ದಾಗ ನಮ್ಮ ಮೆಕ್ಯಾನಿಕ್ ದಿನೇಶಭಾವು ಆಯಿಲ್ ಹಾಕುವ ಜಾಗದ ಮುಚ್ಚಳ ತೆಗೆದು ತಿರುವಿ ತೋರಿಸಿದ. ಒಳಗೆ ಹಾಲಿನ ಕೆನೆಯಂಥ ಬಿಳಿ ಲೋಳೆ. ಕಾರು ಚಾಲೂ ಮಾಡಿಸಿದ. ಹಿಂದಿನ ಕೊಳವೆಯಿಂದ ಬಿಳಿ ಹೊಗೆ.

"ಪಾಣೀ ಟಾಕ್ತಾ ಕಾ ಕಾಕೂ?" ಎಂದ. ರೇಡಿಯೇಟರಿಗೆ ನೀರು ಹಾಕುತ್ತೀರಾ ಎಂದು. ಅವನ ತಲೆಯೂ ಬೆಳ್ಳಗಾಗಿದೆ, ಆದರೂ ನಾನು ಅವನಿಗೆ ಕಾಕೂ, ಚಿಕ್ಕಮ್ಮ.

ದಿನಾ ಹಾಕುತ್ತೇನೆ ಎಂದೆ. ಸತ್ಯವನ್ನೇ ಹೇಳಿದೆ.

"ರೋಜ್?" ಎಂದು ಅವನು ಕೈ ಒರೆಸಿಕೊಂಡ. "ಗ್ಯಾಸ್ಕೆಟ್ ಗೇಲಾ ಕಾಕೂ. ಹೆಡ್ ಉಘಡಾವಂ ಲಾಗೇಲ್."

ಗ್ಯಾಸ್ಕೆಟ್ ಹೋಗಿದೆ, ಇಂಜಿನ್ನಿನ ತಲೆ ಬಿಚ್ಚಬೇಕು. ಇಷ್ಟು ಹಳೆಯ ಗಾಡಿಗೆ ಅದನ್ನು ಮಾಡಿಸುವವರಿಲ್ಲ ಎಂಬುದನ್ನು ಅವನು ಬಾಯಿಬಿಟ್ಟು ಹೇಳಲಿಲ್ಲ. ಅವನ ತಪ್ಪೇನೂ ಇಲ್ಲ. ಕಂಡದ್ದನ್ನು, ಕೇಳಿದ್ದನ್ನು ಕೂಡಿಸಿದರೆ ಉತ್ತರ ಹಾಗೇ ಬರುತ್ತಿತ್ತು.

ಹೆಡ್ ಗ್ಯಾಸ್ಕೆಟ್ ಏನೆಂದು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ನಾನು ಎರಡನೆಯ ತರಗತಿಯಲ್ಲಿದ್ದಾಗಲೇ ಅಪ್ಪ ವಾಯುಪಡೆಯ ಕ್ವಾರ್ಟರ್ಸಿನ ಅಂಗಳದಲ್ಲಿ ಸ್ಕೂಟರ್ ಬಿಚ್ಚಿಕೊಂಡು ಕೂತು ನನ್ನ ಕೈಗೆ ಟಾರ್ಚ್ ಕೊಡುತ್ತಿದ್ದರು. ಬೇರೆ ಹುಡುಗಿಯರು ಕುಂಟಾಬಿಲ್ಲೆ ಆಡುವಾಗ ನಾನು ಟಾರ್ಚ್ ಹಿಡಿದು ನಿಂತಿರುತ್ತಿದ್ದೆ, ಬೆಳಕು ಒಂದಿಷ್ಟು ಅಲ್ಲಾಡಿದರೂ "ಸುಮಿ, ನಿದ್ದಿ ಬಂತೇನು?" ಎನ್ನುತ್ತಿದ್ದರು. ಗ್ಯಾಸ್ಕೆಟ್ ಅಂದರೇನು ಅಂತ ಒಮ್ಮೆ ಕೇಳಿದೆ. ಎದ್ದು ಒಳಗೆ ಹೋಗಿ ಅಮ್ಮನ ಕುಕ್ಕರಿನ ಮುಚ್ಚಳದಿಂದ ರಬ್ಬರು ಕಿತ್ತು ತಂದರು. ಇದಿಲ್ಲದಿದ್ದರೆ ಉಗಿ ಹೊರಗೆ ಓಡುತ್ತದೆ ಅಲ್ಲವೇ, ಇಂಜಿನ್ನಿನಲ್ಲೂ ಇಂಥದೇ ಒಂದು ಹಾಳೆ ಇದೆ, ಅದರ ಒಂದು ಬದಿಗೆ ಬೆಂಕಿ, ಪಕ್ಕದಲ್ಲೇ ನೀರು, ಅದರ ಪಕ್ಕದಲ್ಲಿ ಎಣ್ಣೆ, ಮೂರೂ ಒಂದೇ ಮನೆಯಲ್ಲಿ ಇರಬೇಕು, ಒಬ್ಬರನ್ನೊಬ್ಬರು ಮುಟ್ಟಬಾರದು ಎಂದರು. ನನಗೆ ಪೂರಾ ತಿಳಿಯಿತು. ರಬ್ಬರು ವಾಪಸು ಹಾಕಲು ಇಬ್ಬರಿಗೂ ಮರೆತುಹೋಗಿ, ಆ ದಿನ ಅನ್ನ ಬೇಯದೆ ಅಮ್ಮ ನಮ್ಮಿಬ್ಬರಿಗೂ ಬರೀ ಚುರುಮುರಿ ಹಾಕಿದಳು. ಹಾಗೆ ಕಲಿತ ಪಾಠ ಮರೆಯುವುದಿಲ್ಲ.

ನಮ್ಮವರು ಕೇಂದ್ರ ಸರ್ಕಾರದ ಕಚೇರಿಯಲ್ಲಿರುವವರು. ಎಲ್ಲದಕ್ಕೂ ಒಂದು ಮುಕ್ತಾಯದ ದಿನಾಂಕ ಇರಬೇಕು ಅವರಿಗೆ. ವಿಷಯ ಕೇಳಿ ಆ ಸಂಜೆಯೇ ಒಬ್ಬ ಗುಜರಿಯವನಿಗೆ ಫೋನ್ ಮಾಡಿದರು.

"ಇಷ್ಟು ವರ್ಷ ನಡದದ್ದ ದೊಡ್ಡ ಮಾತು. ಬರೋ ಐತವಾರ ಬಂದು ಒಯ್ತಾನ," ಎಂದರು.

"ಅಪ್ಪಾ ಹ್ಯಾಂಗ ಹೋಗ್ತಾರ್ರೀ ಮತ್ತ, ಸೀತಾಬರ್ಡಿಗೆ?"

"ನೋಡೋಣು," ಎಂದು ಟಿವಿಯ ಕಡೆ ತಿರುಗಿದರು. ನೋಡೋಣು ಎಂದರೆ ನೋಡುವುದಿಲ್ಲ ಎಂದು ಅರ್ಥ ಎಂಬುದು ಇಷ್ಟು ವರ್ಷ ಸಂಸಾರ ಮಾಡಿದವಳಿಗೆ ಗೊತ್ತು. ನನಗೆ ಸಿಟ್ಟು ಬಂತು. ಸಿಟ್ಟಿಗಿಂತ ಹೆಚ್ಚು ಹೆದರಿಕೆಯಾಯಿತು. ಕಿಟಕಿಯ ಪಕ್ಕ ಕೂತ ಅಪ್ಪ ಕೇಳಿಸಿಕೊಂಡಿಲ್ಲ ಅಂದುಕೊಂಡಿದ್ದೆ.

ಮರುದಿನ ಬೆಳಿಗ್ಗೆ ಚಹಾ ಕೊಡಲು ಹೋದಾಗ ಅವರಾಗಿಯೇ ಹೇಳಿದರು: "ದಿನೇಶ ಹೇಳಿದ್ದು ಖರೆ ಇರಬಹುದು. ಆದ್ರ ಮುಟ್ಟಿ ನೋಡಿದಿಯೇನು ನೀ?"

ನೋಡಿರಲಿಲ್ಲ. ಸರಿ, ನೋಡಿಯೇ ಬಿಡೋಣ ಎಂದು ಸೊಂಟಕ್ಕೆ ಸೆರಗು ಸಿಕ್ಕಿಸಿದೆ. ಕ್ಲಾಸಿನಲ್ಲಿ ದಿನಾ ಮಕ್ಕಳಿಗೆ ಮೊದಲು ವೀಕ್ಷಣೆ, ಆಮೇಲೆ ತೀರ್ಮಾನ ಎಂದು ಬೋಧಿಸುವವಳು ಮನೆಯಲ್ಲಿ ಮೆಕ್ಯಾನಿಕ್ಕಿನ ಒಂದು ಮಾತಿಗೆ ಶರಣಾಗಬಾರದು.

ಅಂಗಳದಲ್ಲಿ ಅಪ್ಪನಿಗೆ ಪ್ಲಾಸ್ಟಿಕ್ ಕುರ್ಚಿ, ಹೆಗಲಿಗೆ ಶಾಲು. ನಾನು ಬಾನೆಟ್ ಎತ್ತಿದೆ. ಇಂಜಿನ್ ರಾತ್ರಿಯಿಡೀ ತಣ್ಣಗಿತ್ತು. ರೇಡಿಯೇಟರಿನಿಂದ ಹೊರಡುವ ಮೇಲಿನ ದಪ್ಪ ರಬ್ಬರು ಕೊಳವೆಯನ್ನು ಹಿಚುಕಿದೆ. ಗ್ಯಾಸ್ಕೆಟ್ ಹೋಗಿದ್ದರೆ ಸಿಲಿಂಡರಿನ ಗಾಳಿ ನೀರಿನೊಳಗೆ ನುಗ್ಗಿ ಕೊಳವೆ ಬೆಳಿಗ್ಗೆಯೂ ಬಿಗಿದುಕೊಂಡಿರಬೇಕು. ನನ್ನ ಕೈಗೆ ಅದು ಎಳೇ ಸೌತೆಕಾಯಿಗಿಂತ ಮೆತ್ತಗಿತ್ತು. ಆಮೇಲೆ ರೇಡಿಯೇಟರಿನ ಮುಚ್ಚಳ ತೆಗೆದು ಕಾರು ಚಾಲೂ ಮಾಡಿದೆ. ಇದನ್ನು ಬಿಸಿ ಇಂಜಿನ್ನಿನಲ್ಲಿ ಯಾರೂ ಮಾಡಬೇಡಿ, ಮುಖ ಸುಟ್ಟುಕೊಳ್ಳುತ್ತೀರಿ.

"ಗುಳ್ಳಿ ಬರ್ತಾವೇನು?" ಎಂದರು ಅಪ್ಪ.

"ಮೊದಲ ನಾಕಾರು ಬಂದ್ವು. ಈಗ ನಿಂತಾವ."

"ಏನು?"

"ನಿಂತಾವಪ್ಪಾ," ಎಂದು ಕೂಗಿದೆ. ಎದುರು ಮನೆಯ ದೇಶಪಾಂಡೆ ಕಾಕು ಬಾಗಿಲಿಗೆ ಬಂದು ಏನು ನಿಂತಿತೆಂದು ನೋಡಿದರು. ಬೆಂಕಿಯ ಮನೆಯ ಗಾಳಿ ನೀರಿಗೆ ಸೋರುತ್ತಿದ್ದರೆ ಗುಳ್ಳೆ ನಿಲ್ಲುವುದಿಲ್ಲ, ಬರುತ್ತಲೇ ಇರುತ್ತದೆ. ಆಮೇಲೆ ಹಿಂದೆ ಹೋಗಿ ಹೊಗೆಯನ್ನು ನೋಡಿದೆ, ಮೂಸಿದೆ ಕೂಡ. ಇಂಜಿನ್ ಬಿಸಿಯಾಗುತ್ತಿದ್ದಂತೆ ಅದು ತೆಳ್ಳಗಾಗಿ ಮಾಯವಾಯಿತು. ಆ ಚಳಿಯಲ್ಲಿ ದೇಶಪಾಂಡೆ ಕಾಕುವಿನ ಬಾಯಿಂದಲೂ ಅಷ್ಟೇ ಬಿಳಿ ಹೊಗೆ ಬರುತ್ತಿತ್ತು. ಅವರ ಗ್ಯಾಸ್ಕೆಟ್ಟಿನ ಬಗ್ಗೆ ಯಾರೂ ಅನುಮಾನ ಪಟ್ಟಿರಲಿಲ್ಲ.

ಉಳಿದದ್ದು ಕೆನೆ. ಮನೆಯಿಂದ ನನ್ನ ಶಾಲೆ ಎಷ್ಟು ಹತ್ತಿರವೆಂದರೆ ಕಾರು ಮೈ ಬೆಚ್ಚಗೆ ಮಾಡಿಕೊಳ್ಳುವಷ್ಟರಲ್ಲಿ ನಾನು ಇಳಿದಿರುತ್ತೇನೆ. ಅರೆಬಿಸಿ ಇಂಜಿನ್ನಿನ ಒಳಗೆ ಚಳಿಗೆ ನೀರು ಬೆವರುತ್ತದೆ, ಆ ಬೆವರು ಎಣ್ಣೆಯ ಜೊತೆ ಸೇರಿ ಮುಚ್ಚಳಕ್ಕೆ ಕೆನೆ ಕಟ್ಟುತ್ತದೆ. ಆಯಿಲಿನ ಕಡ್ಡಿ ಎಳೆದು ನೋಡಿದೆ. ಅದರ ಮೇಲಿನ ಎಣ್ಣೆ ಶುದ್ಧವಾಗಿತ್ತು. ಹಳೇ ಬಟ್ಟೆಯಲ್ಲಿ ಮುಚ್ಚಳ ಒರೆಸಿ ಹಾಕಿದೆ. ಅಲ್ಲಿಗೆ ದಿನೇಶಭಾವುವಿನ ಸಾಕ್ಷಿಗಳಲ್ಲಿ ಇಬ್ಬರು ಬಿದ್ದರು. ನಾನು ಕೈ ತೊಳೆದುಕೊಂಡು ಬಂದು ದೊಡ್ಡ ವಕೀಲಳ ಹಾಗೆ ಕೂತು ಚಹಾ ಕುಡಿದೆ.

"ನೀರಿಂದು ಏನು?" ಎಂದರು ಅಪ್ಪ.

ಅಲ್ಲಿ ನನ್ನ ವಕೀಲಿಕೆ ನಿಂತಿತು. ರೇಡಿಯೇಟರಿನ ಪಕ್ಕದಲ್ಲಿ ಹೆಚ್ಚಿನ ನೀರಿಗೆಂದು ಒಂದು ಅರೆಪಾರದರ್ಶಕ ಪ್ಲಾಸ್ಟಿಕ್ ಬಾಟಲಿ ಇರುತ್ತದೆ. ಅದರಲ್ಲಿ ನೀರು ದಿನಾ ಕಡಿಮೆಯಾಗುತ್ತಿದ್ದುದು ಸುಳ್ಳಲ್ಲ. ಕಾರಿನ ಕೆಳಗೆ ಹನಿಯಿಲ್ಲ, ಒಳಗೆ ಕಾಲಡಿಯ ಚಾಪೆ ಒದ್ದೆಯಿಲ್ಲ. ಹೊರಗೆ ಹೋಗದ ನೀರು ಒಳಗೇ ಸುಡುತ್ತಿರಬೇಕಲ್ಲವೇ? ಗ್ಯಾಸ್ಕೆಟ್ ಹೋಗಿದೆ ಎನ್ನಲು ಅದೊಂದೇ ಸಾಕು. ಆ ದಿನ ಶಾಲೆಯಲ್ಲಿ ಮಕ್ಕಳಿಗೆ ವಿನಾಕಾರಣ ಗದರಿದೆ.

ಇಲ್ಲಿ ನಿಮಗೆ ಕೂಲರಿನ ವಿಷಯ ಹೇಳಬೇಕು. ನಾಗಪುರದ ಬೇಸಿಗೆಯನ್ನು ನಮಗೆ ದಾಟಿಸುವುದು ಕಿಟಕಿಗೆ ಆನಿಸಿಟ್ಟ ಆ ತಗಡಿನ ಪೆಟ್ಟಿಗೆ: ಮೂರು ಬದಿಗೆ ಒದ್ದೆ ಹುಲ್ಲಿನ ಪರದೆ, ಒಳಗೆ ಫ್ಯಾನು, ಕೆಳಗೆ ನೀರಿನ ತೊಟ್ಟಿ. ತೊಟ್ಟಿ ಒಣಗಿದರೆ ಬರುವುದು ತಂಪಲ್ಲ, ಒಲೆಯ ಗಾಳಿ. ಆದ್ದರಿಂದ ನಾನು ಸಣ್ಣವಳಿದ್ದಾಗಿನಿಂದ ನಮ್ಮ ಮನೆಯ ಕಾನೂನು ಒಂದೇ. ಕೂಲರಿನ ಮುಂದೆ ಹಾದವರು ನೀರು ಹಾಕಿಯೇ ಮುಂದೆ ಹೋಗಬೇಕು. ಯಾರ ಸರದಿ ಎಂದು ಕೇಳಬಾರದು, ಹಾಕಿದೆನೆಂದು ಹೇಳಿಕೊಳ್ಳಬಾರದು, ಅಂಚಿನವರೆಗೆ ತುಂಬಿಸದೆ ಬಿಡಬಾರದು. ಹೆಚ್ಚಾದ ನೀರು ತೂತಿನಿಂದ ಹೊರಗಿನ ತುಳಸಿ ಕುಂಡಕ್ಕೆ ಬೀಳುತ್ತಿತ್ತು. ಕುಡಿಯುವ ಬಾಟಲಿಯಲ್ಲಿ ಉಳಿದ ನೀರು, ಅಕ್ಕಿ ತೊಳೆದ ನೀರೊಂದನ್ನು ಬಿಟ್ಟು ಉಳಿದ ನೀರೆಲ್ಲ, ಕೂಲರಿಗೇ. ಅಮ್ಮ ಒಮ್ಮೆ ಬಂದ ನೆಂಟರು ಅರ್ಧ ಕುಡಿದಿಟ್ಟ ಲೋಟವನ್ನೂ ಅವರೆದುರಿಗೇ ಅದಕ್ಕೆ ಸುರಿದಳು. ನಮ್ಮವರು ಹುಬ್ಬಳ್ಳಿಯಿಂದ ಬಂದವರು, ಮೊದಲ ಬೇಸಿಗೆಯಲ್ಲಿ ನಕ್ಕರು, ಎರಡನೆಯ ಬೇಸಿಗೆಗೆ ಅವರೂ ಹಾಗೇ ಆದರು. ಚಳಿಗಾಲ ಬಂದು ಕೂಲರಿಗೆ ತಾಡಪತ್ರಿ ಹೊದಿಸಿದರೆ ನಮ್ಮ ಮನೆಯವರ ಕೈಗಳಿಗೆ ಕೆಲಸವೇ ಇರುವುದಿಲ್ಲ.

ನಾನು ಕಾರಿಗೆ ನೀರು ಹಾಕುತ್ತಿದ್ದುದು ಸಂಜೆ, ಶಾಲೆಯಿಂದ ಬಂದು ಇಂಜಿನ್ ಆರಿದ ಮೇಲೆ. ಈಗ ನಿಜವಾಗಿ ಎಷ್ಟು ಇಳಿಯುತ್ತದೆಂದು ಅಳೆಯಬೇಕಿತ್ತು. ಬಾಟಲಿಯ ಮೇಲಿನ ಹಳೆಯ ಗುರುತು ಅಳಿಸಿಹೋಗಿತ್ತು. ಅಂದಾಜಿನ ಮೇಲೆ ಎಷ್ಟಿರಬೇಕೋ ಅಷ್ಟು ನೀರು ಬಿಟ್ಟು, ಅದರ ಮಟ್ಟಕ್ಕೆ ಸರಿಯಾಗಿ ನೇಲ್ ಪಾಲಿಶ್‌ನಿಂದ ಕೆಂಪು ಗೆರೆ ಎಳೆದೆ. ಇನ್ನು ಹನಿ ನೀರು ಹಾಕುವುದಿಲ್ಲ ಎಂದು ಗಟ್ಟಿ ಮನಸ್ಸು ಮಾಡಿದೆ. ರಾತ್ರಿ ನಿಂತ ಕಾರಿನಲ್ಲೂ ನೀರು ಇಳಿದರೆ ಸೋರಿಕೆ ಬೇರೆ ಕಡೆ ಇದೆ, ನಡೆದಾಗ ಮಾತ್ರ ಇಳಿದರೆ ಗ್ಯಾಸ್ಕೆಟ್ಟೇ ಎಂಬುದು ನನ್ನ ಲೆಕ್ಕ.

ಬೆಳಿಗ್ಗೆ ಶಾಲೆಗೆ ಹೊರಡುವ ಮುಂಚೆ ಬಾನೆಟ್ ಎತ್ತಿ ನೋಡಿದೆ. ನೀರು ಇಳಿದಿರಲಿಲ್ಲ, ಏರಿತ್ತು. ಕೆಂಪು ಗೆರೆ ಪೂರಾ ಮುಳುಗಿ, ನೀರು ಮುಚ್ಚಳಕ್ಕೆ ತಾಗಿ ನಿಂತಿತ್ತು.

ಭೌತಶಾಸ್ತ್ರದಲ್ಲಿ ಇದಕ್ಕೆ ಉತ್ತರವಿಲ್ಲ. ತಣ್ಣಗೆ ನಿಂತ ಬಾಟಲಿಯಲ್ಲಿ ನೀರು ತಾನಾಗಿ ಹೆಚ್ಚುವುದಿಲ್ಲ. ಆದರೆ ನನಗೆ ನಮ್ಮ ಮನೆ ಗೊತ್ತು. ಸಂಜೆ ಬಂದು ನೀರನ್ನು ಮತ್ತೆ ಗೆರೆಗೆ ಇಳಿಸಿ, ಮರುದಿನ ಬೆಳಕು ಹರಿಯುವಾಗ ಅಡಿಗೆಮನೆಯ ಕಿಟಕಿಯ ಹತ್ತಿರ ಚಹಾ ಹಿಡಿದು ನಿಂತೆ. ಮೊದಲು ಅಪ್ಪ ಬಂದರು. ಒಂದು ಕೈಯಲ್ಲಿ ಕೋಲು, ಒಂದು ಕೈಯಲ್ಲಿ ಹಿತ್ತಾಳೆ ಚೆಂಬು. ಕೋಲನ್ನು ಗೋಡೆಗೆ ಒರಗಿಸಿ, ಬಾನೆಟ್ ಎತ್ತಿ, ಸುತ್ತ ನೋಡಿ, ಚೆಂಬಿನ ನೀರನ್ನು ಬಾಟಲಿಗೆ ಹೊಯ್ದು ಹೋದರು. ಸ್ವಲ್ಪ ಹೊತ್ತಿಗೆ ವಾಕಿಂಗ್ ಮುಗಿಸಿ ನಮ್ಮವರು ಗೇಟು ದಾಟಿ ಬಂದರು. ಇವರೇಕೆ ಕಾರಿನ ಹತ್ತಿರ ಹೋದರು ಎಂದುಕೊಳ್ಳುವಷ್ಟರಲ್ಲಿ ಅವರೂ ಬಾನೆಟ್ ಎತ್ತಿದರು, ತಮ್ಮ ಕುಡಿಯುವ ಬಾಟಲಿಯಲ್ಲಿ ಉಳಿದ ನೀರನ್ನು ಅದರೊಳಗೆ ಬಗ್ಗಿಸಿ, ಸದ್ದಾಗದಂತೆ ಬಾನೆಟ್ ಇಳಿಸಿದರು. ನನ್ನ ಚಹಾ ಕೈಯಲ್ಲೇ ಆರಿತು.

ಆಗ ಹೊಳೆಯಿತು. ದ್ರವ ಬಿಸಿಯಾದರೆ ಹಿಗ್ಗುತ್ತದೆ. ವರ್ಷ ವರ್ಷ ನಾನೇ ಬೋರ್ಡಿನ ಮೇಲೆ ಬರೆಯುತ್ತೇನೆ. ಆ ಬಾಟಲಿಯಲ್ಲಿ ಖಾಲಿ ಜಾಗ ಬಿಡುವುದು ಅದಕ್ಕಾಗಿಯೇ. ನಾವು ಮೂವರೂ ಸೇರಿ ಮುಚ್ಚಳದವರೆಗೆ ತುಂಬಿಸುತ್ತಿದ್ದೆವು, ಶಾಲೆಯ ದಾರಿಯ ಅರೆಬಿಸಿಗೇ ಹಿಗ್ಗಿದ ನೀರು ಬಾಟಲಿಯ ಕತ್ತಿನ ಸಣ್ಣ ನಳಿಕೆಯಿಂದ ರಸ್ತೆಯ ಮೇಲೆ ಚೆಲ್ಲುತ್ತಿತ್ತು, ಇಂಜಿನ್ ಆರಿದ ಮೇಲೆ ಕಡಿಮೆ ಕಂಡು ನಾವು ಮತ್ತೆ ತುಂಬಿಸುತ್ತಿದ್ದೆವು. ಕಾರನ್ನು ನಾವು ಕೂಲರ್ ಮಾಡಿಬಿಟ್ಟಿದ್ದೆವು. ತುಳಸಿ ಕುಂಡ ಮಾತ್ರ ಇರಲಿಲ್ಲ.

ತಿಂಡಿಗೆ ಕೂತಾಗ ನಾನು ಕಂಡದ್ದನ್ನು ಕಂಡ ಹಾಗೆ ಹೇಳಿದೆ. ಸಂಜೆ ನಾನೂ ಹಾಕುತ್ತಿದ್ದೆ, ಇವರ ಕಣ್ಣಿಗೆ ಬೀಳಬಾರದೆಂದು ಎಂದೆ. ನಮ್ಮವರು ಅವಲಕ್ಕಿಯಲ್ಲಿ ಚಮಚ ಆಡಿಸಿದರು.

"ಏನಂತ?" ಎಂದು ಅಪ್ಪ ನನ್ನ ಕಡೆ ಕಿವಿ ತಂದರು.

"ಇವರೂ ದಿನಾ ನೀರು ಹಾಕ್ತಿದ್ರಂತಪ್ಪಾ, ಕಾರಿಗೆ."

ಅಪ್ಪ ಅಳಿಯನ ಕಡೆ ತಿರುಗಿದರು. "ಮಾರೋವ್ರು ನೀವ ಅಲ್ಲೇನ್ರೀ?"

"ಮಾರೋಂವ ನಾನ ಮಾವಾರ," ಎಂದರು ನಮ್ಮವರು. ಅಪ್ಪನ ಜೊತೆ ಮಾತಾಡುವಾಗ ಎಲ್ಲರೂ ಕೂಗುತ್ತೇವೆ. ಅವರು ಆ ದಿನ ಕೂಗಲಿಲ್ಲ. "ಆದ್ರ ಅಲ್ಲೀ ತನಕಾ ನೀರು ಕಡಿಮಿ ಆದದ್ದು ನಿಮ್ಮ ಕಣ್ಣಿಗೆ ಬೀಳಬಾರದಂತ ಹಾಕ್ತಿದ್ದೆ. ನಿಮಗ ಬ್ಯಾಸರಾಕ್ಕತಿ ಅಂತ."

ಅಪ್ಪನಿಗೆ ಹೇಗೆ ಕೇಳಿಸಿತೋ, ಕೇಳಿಸಿತು. "ನಿಮ್ಮ ಕಣ್ಣಿಗೆ ಬಿದ್ರ ಜಲ್ದಿ ಮಾರ್ತೀರಂತ ನಾ ಹಾಕ್ತಿದ್ದೆ," ಎಂದರು. ನಮ್ಮವರ ಮೇಲೆ ಇಟ್ಟುಕೊಂಡಿದ್ದ ಸಿಟ್ಟೆಲ್ಲ ನನಗೆ ಅಲ್ಲಿಯೇ ಇಳಿದುಹೋಯಿತು. ಕಣ್ಣು ಒದ್ದೆಯಾಯಿತು ಎಂದು ಹೇಳಲು ನನಗೇನೂ ನಾಚಿಕೆಯಿಲ್ಲ.

ಆದರೆ ಕಣ್ಣೀರಿನಿಂದ ಗ್ಯಾಸ್ಕೆಟ್ ಸಾಬೀತಾಗುವುದಿಲ್ಲ. ನೀರನ್ನು ಗೆರೆಗೆ ಇಳಿಸಿದೆ. ಯಾರೂ ಮುಟ್ಟಕೂಡದು ಎಂದು ಇಬ್ಬರಿಗೂ ತಾಕೀತು ಮಾಡಿದೆ. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ, ಅಪ್ಪನನ್ನು ಮುಂದೆ, ನಮ್ಮವರನ್ನು ಹಿಂದೆ ಕೂರಿಸಿಕೊಂಡು ಒಂದು ತಾಸಿನ ದಾರಿಯ ಉಮರೇಡಿನವರೆಗೆ ಓಡಿಸಿದೆ. ಕಲ್ಲಿದ್ದಲಿನ ಲಾರಿಗಳ ಹಿಂದೆ ನಿಂತು, ಮುಂದೆ ನುಗ್ಗಿ, ಇಂಜಿನ್ನಿಗೆ ಬೆವರಿಳಿಸಿದೆ. ಅಪ್ಪ ಕಿವಿಯಿಂದ ಕೇಳಲಾಗದ್ದನ್ನು ಅಂಗೈಯಿಂದ ಕೇಳುವವರಂತೆ ಡ್ಯಾಶ್‌ಬೋರ್ಡಿನ ಮೇಲೆ ಕೈಯಿಟ್ಟು ಕೂತಿದ್ದರು. ಬಿಸಿ ತೋರಿಸುವ ಮುಳ್ಳು ಅರ್ಧಕ್ಕೆ ಬಂದು ಅಲ್ಲಿಯೇ ನಿಂತಿತ್ತು. ಹಿಂದಿನ ಸೀಟಿನಿಂದ ನಮ್ಮವರು ಕತ್ತು ಚಾಚಿ ಚಾಚಿ ಆ ಮುಳ್ಳನ್ನೇ ನೋಡುತ್ತಿದ್ದರು. ಮನೆ ಮುಟ್ಟಿದಾಗ ಹಿಂದಿನ ಬಾಗಿಲನ್ನು ನಾನೇ ಹೊರಗಿನಿಂದ ತೆಗೆದು ಅವರನ್ನು ಇಳಿಸಿದೆ.

ಐತವಾರ ಬೆಳಿಗ್ಗೆ ಮೂವರೂ ಬಾನೆಟ್ಟಿನ ಸುತ್ತ ನಿಂತೆವು. ಆಯಿಲಿನ ಮುಚ್ಚಳ ತಿರುವಿದೆ, ಕೆನೆಯಿಲ್ಲ. ಕೊಳವೆ ಹಿಚುಕಿದೆ; ಮೆತ್ತಗಿತ್ತು. ಬಾಟಲಿಯ ಮೇಲಿನ ಧೂಳು ಒರೆಸಿದೆ. ನೀರು ಗೆರೆಗೆ ಸರಿಯಾಗಿ ನಿಂತಿತ್ತು. ಅಪ್ಪ ಕನ್ನಡಕ ಏರಿಸಿ ನೋಡಿದರು, ಆಮೇಲೆ ಗೆರೆಯನ್ನು ಬೆರಳಿನಿಂದ ಮುಟ್ಟಿಯೂ ನೋಡಿದರು.

ಗುಜರಿಯವನು ಬಂದಾಗ ನಮ್ಮವರೇ ಗೇಟಿಗೆ ಹೋದರು. ಗಾಡಿ ಕೊಡುವುದಿಲ್ಲವೆಂದು ಮರಾಠಿಯಲ್ಲಿ ಹೇಳಿದ್ದು ಕೇಳಿಸಿತು. ಗ್ಯಾಸ್ಕೆಟ್ ಹೋಗಿದೆ ಅಂದಿದ್ದಿರಲ್ಲ ಎಂದು ಅವನು ಕೇಳಿರಬೇಕು. "ಗ್ಯಾಸ್ಕೆಟ್ ಏಕದಮ್ ಬರೋಬರ್ ಆಹೇ," ಎಂದರು ನಮ್ಮವರು, ಪೂರಾ ಸರಿಯಿದೆ ಎಂದು, ತಾವೇ ಬಿಚ್ಚಿ ನೋಡಿದವರ ಗತ್ತಿನಲ್ಲಿ. ನಾನು ತಿದ್ದಲು ಹೋಗಲಿಲ್ಲ.

ಆಮೇಲೆ ದಿನೇಶಭಾವು ಹಳೆಯ ನೀರನ್ನೆಲ್ಲ ಇಳಿಸಿ ಹಸಿರು ಕೂಲಂಟ್ ತುಂಬಿಸಿಕೊಟ್ಟ. ಗೆರೆಯನ್ನು ನೋಡಿ ಇದೇನು ಎಂದು ಕೇಳಿದ, ಹೇಳಿದೆ. ಮಳೆಗೆ, ಬಿಸಿಗೆ ಅದು ಮಾಸಿದಾಗಲೆಲ್ಲ ಮತ್ತೊಂದು ಸಲ ಹಚ್ಚುತ್ತೇನೆ. ಶೀಶೆ ಅರ್ಧವಾದದ್ದು ಹೀಗೆ. ನಮ್ಮ ಮನೆಯಲ್ಲಿ ಹಂಡೆ ತುಂಬಿರುತ್ತದೆ, ಮಡಕೆ ತುಂಬಿರುತ್ತದೆ, ಬೇಸಿಗೆಯಲ್ಲಿ ಕೂಲರ್ ತುಂಬಿ ಹರಿಯುತ್ತದೆ. ತುಂಬಿಸದೆ ಬಿಟ್ಟ ಪಾತ್ರೆ ಅದೊಂದೇ.

ಅಪ್ಪನ ಕೈಗೆ ಅದು ಇನ್ನೂ ಪೂರಾ ಒಪ್ಪಿಗೆಯಾಗಿಲ್ಲ. ಐತವಾರ ಸೀತಾಬರ್ಡಿಗೆ ಹೊರಡುವ ಮುಂಚೆ ಚೆಂಬು ಹಿಡಿದುಕೊಂಡೇ ಬರುತ್ತಾರೆ. ನಾನು ಬಾನೆಟ್ ಎತ್ತುತ್ತೇನೆ, ಅವರು ಬಗ್ಗಿ ನೋಡುತ್ತಾರೆ. ಗೆರೆಯ ಮೇಲೆ ಅಷ್ಟು ಜಾಗ ಖಾಲಿ. ಚೆಂಬು ಹಿಡಿದ ಕೈ ಸ್ವಲ್ಪ ಮುಂದೆ ಹೋಗುತ್ತದೆ, ನಿಲ್ಲುತ್ತದೆ. ಆಮೇಲೆ ನೀರನ್ನು ತುಳಸಿಗೆ ಹಾಕಿ, ಚೆಂಬನ್ನು ನನ್ನ ಕೈಗೆ ಕೊಟ್ಟು, ಬಾಗಿಲು ತಾವೇ ತೆಗೆದು ಮುಂದಿನ ಸೀಟಿನಲ್ಲಿ ಕೂತುಬಿಡುತ್ತಾರೆ.